ಯಾರೋ ನೆನೆಸ್ಕೊಂಡ್ರು ಅಂತ ನೆತ್ತಿ ತಟ್ತಾ ಕೂತ್ವಿ

ಸಂಪಾದಕರೇ,

ಪ್ರತಿ ವರ್ಷ ಅಕ್ಟೋಬರ್ 29 ಬಂತಂದ್ರೆ ಪಾರ್ಶ್ವವಾಯು ದಿನ ಅಂತ ಪೇಪರಲ್ಲಿ ಲೇಖನ ಬರುತ್ತೆ, ಬಾಯಿ ಸೊಟ್ಟಗಾದ್ರೆ, ಕೈ ಎತ್ತಕ್ಕಾಗದಿದ್ರೆ, ಮಾತು ತೊದಲಿದ್ರೆ ನಾಲ್ಕೂವರೆ ಗಂಟೆ ಒಳಗೆ ಆಸ್ಪತ್ರೆ ಸೇರಿ ಅಂತ. ಒಳ್ಳೇದೇ, ಅದನ್ನ ಓದಿದ್ದಕ್ಕೇ ನಾವು ಅಪ್ಪನ್ನ ಬೇಗ ಕರ್ಕೊಂಡು ಹೋಗಿದ್ದು. ಆದ್ರೆ ಜೀವ ಉಳಿದ ಮೇಲೆ ಆ ಮನುಷ್ಯ ಒಂದು ಲೋಟ ನೀರು ಹೇಗೆ ಕುಡೀಬೇಕು ಅನ್ನೋದನ್ನ ಯಾರೂ ಬರೆಯಲ್ಲ. ಅದಕ್ಕೇ ಈ ಪತ್ರ, ಸ್ವಲ್ಪ ಉದ್ದ ಆಗುತ್ತೆ, ಜಾಗ ಇಲ್ದಿದ್ರೆ ಕತ್ತರಿಸ್ಕೊಳ್ಳಿ.

ಅಪ್ಪಂಗೆ ಹೋದ ವರ್ಷ ಲಕ್ವ ಹೊಡೀತು, ಬಲಗೈ ಬಲಗಾಲು ಸ್ವಾಧೀನ ತಪ್ತು, ಕನ್ನಡಕ ಬೇಕಾದಾಗ ಚೊಂಬು ಕೊಡು ಅನ್ನೋರು. ಒಂಬತ್ತು ದಿನ ಆಸ್ಪತ್ರೇಲಿ ಇಟ್ಕೊಂಡು, ಮೂಗಿನ ಪೈಪ್ ತೆಗೆದು ಮನೆಗೆ ಕಳ್ಸಿದ್ರು. ಡಿಸ್ಚಾರ್ಜ್ ಕಾರ್ಡಲ್ಲಿ ಮಾತ್ರೆ, ಬಿಪಿ, ಫಿಸಿಯೋಥೆರಪಿ ಎಲ್ಲಾ ಬರೆದಿತ್ತು, ಊಟದ ಬಗ್ಗೆ ಮಾತ್ರ 'ಸಾಫ್ಟ್ ಡಯಟ್' ಅಂತ ಎರಡೇ ಪದ. ನಮಗೆ ಸಾಫ್ಟ್ ಅಂದ್ರೆ ತೆಳ್ಳಗೆ ಅಂತ ತಾನೇ, ಅಮ್ಮ ಗಂಜಿ ತಿಳಿ, ಟೀ, ಎಳನೀರು ಎಲ್ಲಾ ಶುರು ಮಾಡಿದ್ರು, ಅದೂ ದಿಂಬಿಗೆ ಒರಗಿಸಿ ಮಲಗಿದ್ದ ಹಾಗೇ. ಮೂರ್ನಾಲ್ಕು ಗುಟುಕಿಗೊಂದು ಸಲ ಕೆಮ್ಮು. ನೆತ್ತಿಗೆ ಹತ್ತಿದೆ ಅಂತ ಅಮ್ಮ ನೆತ್ತಿ ತಟ್ಟೋರು, ಯಾರೋ ನೆನೆಸ್ಕೊಂಡ್ರು ನೋಡಿ ಅನ್ನೋರು. ನೋಡಕ್ಕೆ ಬಂದಿದ್ದ ಅತ್ತೆ, ಊರೆಲ್ಲಾ ನೆನೀತಿದೆ ಬಿಡು ನಮ್ಮಣ್ಣನ್ನ ಅಂತ ನಕ್ಕಿದ್ದೂ ಆಯ್ತು.

ಒಂದು ವಾರಕ್ಕೆ ಕೆಮ್ಮು ನಿಂತ್ಹೋಯ್ತು. ಸದ್ಯ ಅಂದ್ಕೊಂಡ್ವಿ. ಆದ್ರೆ ಸಂಜೆ ಹೊತ್ತಿಗೆ ಮೈ ಬೆಚ್ಚಗಾಗೋದು, ಗಂಟಲಲ್ಲಿ ನೀರು ನಿಂತಂಗೆ ದನಿ ಗುಳುಗುಳು ಅನ್ನೋದು ಶುರುವಾಯ್ತು, ಮತ್ತೆ ಅಡ್ಮಿಟ್, ಎಕ್ಸ್‌ರೇ ತೆಗೆದ್ರೆ ನ್ಯುಮೋನಿಯಾ. ರಾತ್ರಿ ಡ್ಯೂಟಿಲಿದ್ದ ಚಿಕ್ಕ ವಯಸ್ಸಿನ ಡಾಕ್ಟ್ರು ಒಬ್ರು, ಸ್ಪೀಚ್ ಥೆರಪಿಸ್ಟಿಗೆ ತೋರಿಸಿದ್ರಾ ಅಂತ ಕೇಳಿದ್ರು, ನಂಗೆ ಸಿಟ್ಟೇ ಬಂತು, ಇಲ್ಲಿ ಉಸಿರಿಗೇ ಕಷ್ಟ, ಮಾತು ಯಾರಿಗೆ ಬೇಕು ಸಾರ್ ಅಂದೆ. ಅವರು ತಾಳ್ಮೆಯಿಂದ ಹೇಳಿದ್ರು, ನುಂಗೋದನ್ನ ಪರೀಕ್ಷೆ ಮಾಡಿ ಸರಿಪಡಿಸೋರೂ ಅವರೇ ಅಂತ. ಐವತ್ತು ವರ್ಷ ಬದುಕಿದೀನಿ, ಈ ವಿಷಯ ನಂಗೆ ಅವತ್ತೇ ಗೊತ್ತಾಗಿದ್ದು.

ಆಮೇಲೆ ತಿಳ್ಕೊಂಡಿದ್ದು ಇಷ್ಟು. ಗಂಟಲಲ್ಲಿ ಮುಂದೆ ಉಸಿರಿನ ಕೊಳವೆ, ಹಿಂದೆ ಅನ್ನದ ಕೊಳವೆ. ನುಂಗೋವಾಗ ಧ್ವನಿಪೆಟ್ಟಿಗೆ ಮೇಲೆದ್ದು ಉಸಿರಿನ ದಾರಿ ಮುಚ್ಕೋಬೇಕು. ಲಕ್ವ ಆದೋರಲ್ಲಿ ಮೊದಲ ದಿನಗಳಲ್ಲಿ ಸುಮಾರು ಅರ್ಧ ಜನಕ್ಕೆ ಇದು ಏರುಪೇರಾಗಿರುತ್ತೆ, ಬಹಳಷ್ಟು ಜನಕ್ಕೆ ಕೆಲವು ವಾರದಲ್ಲಿ ತಾನಾಗೇ ಸರಿಹೋಗುತ್ತೆ, ಆದ್ರೆ ಅಷ್ಟರೊಳಗೆ ತಿಂದಿದ್ದು ಕುಡಿದಿದ್ದು ಶ್ವಾಸಕೋಶಕ್ಕೆ ಇಳಿದ್ರೆ ಸೋಂಕು. ಮೋಸ ಇರೋದು ಎಲ್ಲಿ ಅಂದ್ರೆ, ಗಂಟಲ ಸ್ಪರ್ಶ ಕಮ್ಮಿಯಾಗಿದ್ರೆ ಒಳಗೆ ಇಳಿದ್ರೂ ಕೆಮ್ಮೇ ಬರಲ್ಲ. ನಾವು ವಾಸಿಯಾಯ್ತು ಅಂತ ಖುಷಿಪಟ್ಟಿದ್ದು ಅದಕ್ಕೇ.

ಸ್ವಲ್ಪ ಸುಧಾರಿಸ್ಕೊಂಡ ಮೇಲೆ ಅರಸೀಕೆರೆಯಿಂದ ರೈಲಲ್ಲಿ ಮೈಸೂರಿಗೆ ಹೋದ್ವಿ, ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ. ಆಟೋದವರಿಗೆ ಆ ಹೆಸರು ಹೇಳಿದ್ರೆ ತಲೆ ಕೆರ್ಕೊಂಡ್ರು, ಆಮೇಲೆ ಓ ಸ್ಪೀಚ್ ಅಂಡ್ ಹಿಯರಿಂಗಾ ಅಂದ್ರು. ಅಲ್ಲಿದ್ದ ಹುಡುಗಿ, ನನ್ನ ಮಗಳ ವಯಸ್ಸು, ಅಪ್ಪನ್ನ ನೆಟ್ಟಗೆ ಕೂರಿಸಿ ಗಂಟಲ ಗುಬುಟಿನ ಮೇಲೆ ಎರಡು ಬೆರಳಿಟ್ಟು ಒಂದು ಚಮಚ ನೀರು ಕೊಟ್ಲು, ಆ ಅಂತ ಅನ್ನಿಸಿ ದನಿ ಕೇಳಿದ್ಲು, ಆಮೇಲೆ ಗಟ್ಟಿಯಾಗಿರೋದನ್ನ ಕೊಟ್ಟು ನೋಡಿದ್ಲು. ಎಕ್ಸ್‌ರೇಲಿ ಎದ್ದು ಕಾಣೋ ಬೇರಿಯಂ ಅನ್ನೋ ಪುಡಿ ಕಲಸಿ ತಿನ್ನಿಸಿ, ನುಂಗೋದರ ಎಕ್ಸ್‌ರೇ ವಿಡಿಯೋನೂ ಆಯ್ತು. ತೆಳ್ಳಗಿರೋದೇ ಅಪ್ಪಂಗೆ ಅಪಾಯ, ನೀರು ಸರ್ರಂತ ಜಾರಿಬಿಡುತ್ತೆ, ಗಟ್ಟಿ ಇದ್ರೆ ನಿಧಾನಕ್ಕೆ ಹೋಗುತ್ತೆ, ಅಷ್ಟರಲ್ಲಿ ದಾರಿ ಮುಚ್ಕೊಳ್ಳುತ್ತೆ ಅಂದ್ಲು. ಅಂದ್ರೆ ನಾವು ಮಾಡಿದ್ದೆಲ್ಲಾ ಉಲ್ಟಾ! ದಿನಾ ಏನ್ ತಿಂತಿದ್ರು ಅಂತ ಕೇಳಿದ್ಲು, ಮುದ್ದೆ ಅಂದೆ, ನಕ್ಕುಬಿಟ್ಲು, ಅಗಿಯದೇ ನುಂಗೋ ಊಟ ಅಲ್ವಾ ಅದು, ಸದ್ಯಕ್ಕೆ ಬೇಡ ಆಂಟಿ, ರಾಗಿ ಸರಿ ಚಮಚದಿಂದ ಜಾರದಷ್ಟು ಗಟ್ಟಿ ಮಾಡಿ ಕೊಡಿ, ಗದ್ದ ಎದೆ ಕಡೆ ಬಗ್ಗಿಸಿ ನುಂಗಿಸಿ, ತಿಂದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ, ಬಾಯಿ ಚೆನ್ನಾಗಿ ತೊಳೀರಿ ಅಂದ್ಲು. ಇದನ್ನ ಓದಿ ಯಾರೂ ಹಂಗೇ ಮಾಡಕ್ಕೆ ಹೋಗ್ಬೇಡಿ, ಒಬ್ಬೊಬ್ರಿಗೆ ಒಂದೊಂದು ತರ ಇರುತ್ತಂತೆ, ಪರೀಕ್ಷೆ ಆಗ್ಲೇಬೇಕು.

ಈಗ ನನ್ನ ತಕರಾರಿಗೆ ಬರ್ತೀನಿ. ಮೈಸೂರಿಗೆ ಎಲ್ರೂ ಹೋಗಕ್ಕಾಗಲ್ಲ, ಅರ್ಧ ಮೈ ಬಿದ್ದೋರನ್ನ ರೈಲು ಹತ್ಸೋ ಕಷ್ಟ ಹತ್ಸಿದೋರಿಗೇ ಗೊತ್ತು. 2007ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಕಿವುಡುತನ ತಡೆಗಟ್ಟುವ ಕಾರ್ಯಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಗೆ ಆಡಿಯಾಲಜಿಸ್ಟ್, ಅಂದ್ರೆ ಕಿವಿ ಕೇಳುತ್ತಾ ಅಂತ ಪರೀಕ್ಷೆ ಮಾಡೋರ ಹುದ್ದೆ ಇದೆ. ಅವರೂ ಸ್ಪೀಚ್ ಥೆರಪಿಸ್ಟೂ ಓದೋದು ಒಂದೇ, ನಾಲ್ಕು ವರ್ಷದ್ದು, ಕೊನೇ ವರ್ಷ ಇಂಟರ್ನ್‌ಶಿಪ್, ಕಿವಿ, ಮಾತು, ನುಂಗೋದು ಮೂರೂ ಒಂದೇ ಡಿಗ್ರಿಲಿ ಬರುತ್ತೆ. ಆದ್ರೆ ಅವರು ಕೂರೋದು ಇಎನ್‌ಟಿ ಪಕ್ಕದ ರೂಮಲ್ಲಿ, ಲಕ್ವ ಆದೋರು ಮಲಗಿರೋದು ಮೆಡಿಸಿನ್ ವಾರ್ಡಲ್ಲಿ, ಮಧ್ಯೆ ಒಂದು ಚೀಟಿ ಓಡಾಡಲ್ಲ ಅಷ್ಟೇ. ಆ ರೂಮಿನ ಕೆಲಸ ಸಣ್ಣದು ಅಂತ ಖಂಡಿತಾ ಹೇಳ್ತಿಲ್ಲ, ಮೈಸೂರಲ್ಲೇ ಕಾಯ್ತಾ ಕೂತಿದ್ದಾಗ ಪಕ್ಕದಲ್ಲಿ ಮೂರು ವರ್ಷದ ಮಗು, ನಮ್ಮ ಮನೇಲಿ ಗಂಡು ಮಕ್ಕಳು ಮಾತಾಡೋದೇ ಲೇಟು ಅಂತ ಅಜ್ಜಿ ತಡೆದಿದ್ರಂತೆ, ನೋಡಿದ್ರೆ ಕಿವಿ ಕೇಳ್ತಿಲ್ಲ. ಹುಟ್ಟಿದ ಒಂದು ತಿಂಗಳೊಳಗೆ ಆಗ್ಬೇಕಾದ ಪರೀಕ್ಷೆ, ಮಲಗಿರೋ ಮಗು ಕಿವಿಗೆ ಒಂದು ಸಣ್ಣ ಬಿರಡೆ ಇಟ್ಟು ಕೆಲವೇ ನಿಮಿಷದಲ್ಲಿ ಮುಗಿಯೋದು. ಅದೂ ಆಗ್ಬೇಕು, ಅದರ ಬಗ್ಗೆ ಬೇರೆ ಪತ್ರಾನೇ ಬರೀಬೇಕು.

ನಾನು ಕೇಳೋದು ಎರಡೇ. ಲಕ್ವ ಆಗಿ ಬಂದೋರಿಗೆ ಬಾಯಿಗೆ ಮೊದಲ ಗುಟುಕು ನೀರು ಬಿಡೋ ಮುಂಚೆ ನುಂಗೋದನ್ನ ಯಾರಾದ್ರೂ ನೋಡ್ಲಿ, ತರಬೇತಿ ಇದ್ರೆ ನರ್ಸೇ ಸಾಕು, ಅನುಮಾನ ಬಂದ್ರೆ ಆ ಪಕ್ಕದ ರೂಮಿಗೆ ಚೀಟಿ ಹೋಗ್ಲಿ. ಇನ್ನೊಂದು, ಡಿಸ್ಚಾರ್ಜ್ ಕಾರ್ಡಲ್ಲಿ ಸಾಫ್ಟ್ ಡಯಟ್ ಅಂತ ಗೀಚೋ ಬದಲು ಏನು ಕೊಡ್ಬೇಕು, ಎಷ್ಟು ಗಟ್ಟಿ, ಹೇಗೆ ಕೂರಿಸ್ಬೇಕು ಅಂತ ಕನ್ನಡದಲ್ಲಿ ನಾಲ್ಕು ಸಾಲು ಬರೀಲಿ, ಓದಕ್ಕೆ ಬರದೋರಿಗೆ ಬಾಯಲ್ಲಿ ಹೇಳ್ಲಿ.

ಅಪ್ಪ ಈಗ ಸಣ್ಣ ಸಣ್ಣ ತುತ್ತು ಮೆತ್ತಗಿನ ಮುದ್ದೆ ತಿಂತಾರೆ. ಕನ್ನಡಕಕ್ಕೆ ಇನ್ನೂ ಚೊಂಬು ಅಂತಾರೆ, ನಾವೇ ಅರ್ಥ ಮಾಡ್ಕೊಂಡು ಕೊಡ್ತೀವಿ.

ಇಂತಿ,
ನಿಮ್ಮ ಓದುಗಿ,
ಅರಸೀಕೆರೆ ತಾಲ್ಲೂಕು