ಹಳೇ ವ್ಯಾನ್ ಕೊಳ್ಳುವ ಮುನ್ನ ಸೀಟ್ ಬೆಲ್ಟ್ ಎಳೆದು ನೋಡಿ

ಮಾನ್ಯರೇ,

ಬಳ್ಳಾರಿಯಲ್ಲಿ ಮನೆ ಮಹಡಿಯ ಮೇಲೆ ಹತ್ತು ಮಷಿನ್ ಹಾಕಿಕೊಂಡು ಜೀನ್ಸ್ ಹೊಲಿಸುವವರು, ಸಣ್ಣ ಹಾರ್ಡ್‌ವೇರ್ ಅಂಗಡಿಯವರು ವಾರಕ್ಕೊಂದೆರಡು ಸಲ ಮಾಲು ತರಲು, ಮುಟ್ಟಿಸಲು ಹಳೇ ವ್ಯಾನ್ ಹುಡುಕುತ್ತಿರುತ್ತಾರೆ. ಅವರಿಗೆ ಸಿಗುವ ಸಲಹೆ ಎರಡು. ‘ಒಂದು ಮಾರುತಿ ಓಮ್ನಿ ತಗೊಂಡು ಹಿಂದಿನ ಸೀಟು ಕಿತ್ತುಹಾಕಿ’ ಅನ್ನುವುದು ಒಂದು. ‘ಡೀಸೆಲ್ಲೇ ತಗೊಳ್ಳಿ, ಮೈಲೇಜ್ ಬರುತ್ತೆ’ ಅನ್ನುವುದು ಇನ್ನೊಂದು. ಎರಡೂ ದಾರಿ ತಪ್ಪಿಸುವಂಥವು.

ಬಿಳಿ ಬೋರ್ಡಿನ ಕಾರಿನ ವಿಮಾ ಪಾಲಿಸಿಯಲ್ಲಿ ಬಳಕೆಯ ಮಿತಿ ಎಂಬ ಸಣ್ಣಕ್ಷರದ ಸಾಲುಗಳಿರುತ್ತವೆ. ಬಾಡಿಗೆಗೆ ಓಡಿಸುವಂತಿಲ್ಲ, ಸ್ಯಾಂಪಲ್ ಮತ್ತು ಸ್ವಂತ ಲಗೇಜ್ ಬಿಟ್ಟು ಬೇರೆ ಸರಕು ಸಾಗಿಸುವಂತಿಲ್ಲ. ಆರು ರೋಲ್ ಡೆನಿಮ್ ಯಾವ ವಿಮಾ ಸರ್ವೇಯರನ ಕಣ್ಣಿಗೂ ಲಗೇಜ್ ಅಲ್ಲ. ಆರ್‌ಸಿಯಲ್ಲಿ ಐದು ಸೀಟು, ಒಳಗೆ ಎರಡೇ ಇದ್ದರೆ ಅದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಅಕ್ರಮ ಮಾರ್ಪಾಡು. ಓಮ್ನಿ ತಯಾರಿಕೆ 2019ರಲ್ಲೇ ನಿಂತಿದೆ. ಈಕೋದಲ್ಲಾದರೆ ಹಳದಿ ಬೋರ್ಡಿನ ಕಾರ್ಗೋ ಮಾದರಿಯೇ ಪ್ರತ್ಯೇಕವಾಗಿದೆ, ಅದನ್ನು ಹುಡುಕಬೇಕು.

ಹಳದಿ ಬೋರ್ಡಿಗೆ ಖರ್ಚಿದೆ. 7,500 ಕೆ.ಜಿ. ಒಳಗಿನ ಬಾಡಿಗೆ ಸರಕು ವಾಹನಕ್ಕೆ 2022ರ ಜೂನ್‌ನಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ಪ್ರೀಮಿಯಂ ವರ್ಷಕ್ಕೆ 16,049 ರೂಪಾಯಿ, ಜಿಎಸ್‌ಟಿ ಬೇರೆ. ಸ್ವಂತ ಸರಕು ಮಾತ್ರ ಸಾಗಿಸುವ ವಾಹನಕ್ಕೆ ಕಡಿಮೆ ದರವಿದೆ, ಕೇಳಿ ಮಾಡಿಸಿಕೊಳ್ಳಬೇಕು. ಎಂಟು ವರ್ಷ ದಾಟಿದ ಗಾಡಿಗೆ ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಪ್ರತಿ ವರ್ಷ, ಅದರೊಳಗಿದ್ದರೆ ಎರಡು ವರ್ಷಕ್ಕೊಮ್ಮೆ. ಸಮಾಧಾನದ ಸಂಗತಿಯೆಂದರೆ ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಡ. ಕಾರು ಓಡಿಸುವ ಎಲ್‌ಎಂವಿ ಲೈಸೆನ್ಸೇ ಸಾಕೆಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ.

ಈಗ ಲೆಕ್ಕ ಹಾಕಿ. ತಿಂಗಳಿಗೆ ನಾಲ್ಕೇ ಟ್ರಿಪ್ ಆದರೆ 16,049 ರೂಪಾಯಿಯ ವಿಮೆಯೊಂದೇ ಟ್ರಿಪ್ಪಿಗೆ 334 ರೂಪಾಯಿ ಬಿತ್ತು, ಇನ್ನೂ ಎಣ್ಣೆ ಹಾಕಿಲ್ಲ. ಅಂಥವರಿಗೆ ಬಾಡಿಗೆಗೆ ಟಾಟಾ ಏಸ್ ಕರೆಯುವುದೇ ಲೇಸು. ಎಂಟು ಹತ್ತು ಟ್ರಿಪ್ ಇದ್ದರೆ ಸ್ವಂತದ್ದರ ಮಾತು. ಆಗಲೂ ತಿಂಗಳಿಗೆ 200 ಕಿ.ಮೀ. ಓಡುವ ಗಾಡಿಯಲ್ಲಿ ಡೀಸೆಲ್ ಲೀಟರಿಗೆ 20 ಕಿ.ಮೀ., ಪೆಟ್ರೋಲ್ 14 ಕಿ.ಮೀ. ಕೊಟ್ಟರೂ ಉಳಿಯುವುದು ತಿಂಗಳಿಗೆ ಐನೂರು ಚಿಲ್ಲರೆ. ಬಿಎಸ್6 ಡೀಸೆಲ್‌ನಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇದ್ದರಂತೂ ಊರೊಳಗಿನ ಮೂರ್ನಾಲ್ಕು ಕಿ.ಮೀ. ಓಟಕ್ಕೆ ಸೈಲೆನ್ಸರ್ ಬಿಸಿಯೇ ಆಗುವುದಿಲ್ಲ, ಮಸಿ ಸುಡದೆ ಕಟ್ಟಿಕೊಳ್ಳುತ್ತದೆ. ಒಂದು ಸಲ ಬಿಚ್ಚಿಸಿದರೆ ಆ ಐನೂರರ ಉಳಿತಾಯ ಅಲ್ಲೇ ಹೋಯಿತು.

ಗಾಡಿ ನೋಡಲು ಹೋಗುವಾಗ ಟೇಪು ಒಯ್ಯಿರಿ. ಡೆನಿಮ್ ರೋಲಿನ ಅಗಲ ಸುಮಾರು 60 ಅಂಗುಲ. 12 ಔನ್ಸಿನ (ಚದರ ಗಜಕ್ಕೆ) ಬಟ್ಟೆ ನೂರು ಮೀಟರಿಗೆ 62 ಕೆ.ಜಿ. ತೂಗುತ್ತದೆ. ಆರು ರೋಲ್, ಡ್ರೈವರ್, ಜೊತೆಗೊಬ್ಬ ಹುಡುಗ ಎಂದರೆ 500 ಕೆ.ಜಿ. ಹತ್ತಿರ ಬಂತು. ಆರ್‌ಸಿಯಲ್ಲಿರುವ ಒಟ್ಟು ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆಯಿರಿ, ಹೊರಬಹುದಾದ ಭಾರ ಅಷ್ಟೇ. ಪ್ಲೈವುಡ್ ಮಾರುವವರಿಗೆ ಇನ್ನೊಂದು ತೊಡಕು: ಏಸ್ ಗೋಲ್ಡ್‌ನ ಡಾಲಾ (ಸರಕು ಹೇರುವ ತೊಟ್ಟಿ) ಉದ್ದ 2,200 ಮಿ.ಮೀ., ಎಂಟಡಿ ಹಲಗೆ 2,440. ಒಂಬತ್ತು ಅಂಗುಲ ಹೊರಗೇ ಉಳಿಯುತ್ತದೆ.

ನಮ್ಮ ಕಡೆ ಗಾಡಿಯ ಮೊದಲ ಶತ್ರು ಧೂಳು. ಮಾರುವವರು ಒಳಗೂ ಹೊರಗೂ ತೊಳೆಸಿ ಪಾಲಿಶ್ ಹೊಡೆಸಿರುತ್ತಾರೆ, ಆದರೆ ಸೀಟ್ ಬೆಲ್ಟಿನ ಕೊನೆಯ ಒಂದಡಿ ಯಾರೂ ತೊಳೆಯುವುದಿಲ್ಲ. ಪೂರ್ತಿ ಎಳೆಯಿರಿ. ಅಲ್ಲಿ ಕೆಂಪು ಅಂಟಿದ್ದರೆ ಗಾಡಿ ಸಂಡೂರು, ತೋರಣಗಲ್ಲು ಕಡೆಯ ಅದಿರಿನ ರಸ್ತೆಯಲ್ಲಿ ದುಡಿದಿದೆ ಅಂತಲೇ ಲೆಕ್ಕ. ಏರ್ ಫಿಲ್ಟರ್ ಬದಲಿಸದೆ ಓಡಿಸಿದ್ದರೆ ಆ ಧೂಳು ಪಿಸ್ಟನ್ ರಿಂಗ್ ಸವೆಸಿರುತ್ತದೆ. ಎಂಜಿನ್ ಚಾಲೂ ಇರುವಾಗ ಆಯಿಲ್ ಮುಚ್ಚಳ ತೆಗೆದರೆ ಬುಸುಬುಸು ಹೊಗೆ, ಆಕ್ಸಿಲರೇಟರ್ ಒತ್ತಿದರೆ ಹಿಂದೆ ನೀಲಿ ಹೊಗೆ: ಬಂದ ದಾರಿಯಲ್ಲೇ ವಾಪಸ್ ನಡೆಯಿರಿ.

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ. ರೇಡಿಯೇಟರ್ ಮುಚ್ಚಳ ಬಿಚ್ಚಿ ಬೆರಳಾಡಿಸಿ. ಕೂಲೆಂಟ್ ಬದಲು ಬೋರಿನ ಗಡಸು ನೀರು ಹಾಕಿದ್ದರೆ ಸುಣ್ಣದ ಪದರ ಕೈಗೆ ಸಿಗುತ್ತದೆ. ಅದು ನಳಿಗೆಗಳಲ್ಲೂ ಕಟ್ಟಿದ್ದರೆ ಮೇ ತಿಂಗಳ ಬಿಸಿಲಿಗೆ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಸಿರುಗುಪ್ಪ, ಗಂಗಾವತಿ ಕಡೆಯಿಂದ ಬಂದ ಗಾಡಿ ಗೊಬ್ಬರ ಹೊತ್ತಿರಬಹುದು. ಡಾಲಾದ ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ; ಠಣ್ ಎನ್ನದೆ ಬೊದ್ದು ಸದ್ದು ಬಂದರೆ ತಗಡು ಕೆಳಗಿನಿಂದ ತಿಂದುಹೋಗಿದೆ. ಹ್ಯಾಂಡ್‌ಬ್ರೇಕ್ ಎಳೆದು ಮೂರನೇ ಗೇರಿನಲ್ಲಿ ಕ್ಲಚ್ ಬಿಡಿ, ಎಂಜಿನ್ ಬಂದ್ ಆಗಲೇಬೇಕು. ಆಗದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಫಸ್ಟ್‌ನಿಂದ ರಿವರ್ಸ್‌ಗೆ ಹಾಕುವಾಗ ಟಕ್ ಎಂದರೆ ಹಿಂದಿನ ಚಕ್ರಗಳನ್ನು ತಿರುಗಿಸುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಕೀಲು) ಸವೆದಿದೆ. ಇದು ದೊಡ್ಡ ಖರ್ಚಲ್ಲ, ಚೌಕಾಸಿಗೆ ಒದಗುತ್ತದೆ. ನಿಂತೇ ಇರುವ ಗಾಡಿಯ ಟೈರಿನಲ್ಲಿ ಹಲ್ಲು ಇದ್ದರೂ ರಬ್ಬರ್ ಸತ್ತಿರಬಹುದು. ಪಕ್ಕದಲ್ಲಿ 2319 ಎಂದಿದ್ದರೆ 2019ರ 23ನೇ ವಾರದ್ದು.

ಒಪ್ಪಂದವಾದ ದಿನವೇ ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ, ಸಾಲವಿದ್ದ ಗಾಡಿಗೆ ಸಾಲ ತೀರಿದ್ದನ್ನು ಆರ್‌ಸಿಯಲ್ಲಿ ದಾಖಲಿಸುವ ಫಾರಂ 35 ಜೊತೆ ಬ್ಯಾಂಕಿನ ಎನ್‌ಒಸಿ ಪಡೆಯಿರಿ. ವಿಮೆಯನ್ನು 14 ದಿನದೊಳಗೆ ಹೆಸರಿಗೆ ಮಾಡಿಸಿಕೊಳ್ಳಿ. ಆದೋನಿ, ಗುಂತಕಲ್ ಕಡೆಯ ಆಂಧ್ರ ಬೋರ್ಡಿನ ಗಾಡಿ ಅಗ್ಗ ಅನ್ನಿಸಿದರೆ, ಅಲ್ಲಿನ ಆರ್‌ಟಿಒ ಎನ್‌ಒಸಿ (ಫಾರಂ 28) ಸಿಗುತ್ತದೆಯೇ, ಇಲ್ಲಿ ಮರುನೋಂದಣಿಗೆ ಕಟ್ಟುವ ತೆರಿಗೆ ಎಷ್ಟು ಎಂದು ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಂಡು ಆಮೇಲೆ ಅಡ್ವಾನ್ಸ್ ಕೊಡಿ.

– ಓರ್ವ ಓದುಗ, ಕೌಲ್ ಬಜಾರ್, ಬಳ್ಳಾರಿ