ದುಡ್ಡು ಕೇಳೋದನ್ನ ಕಲಿಸಿದವರಿಗೆ

ಆಯುಧಪೂಜೆಯ ದಿನ ಲ್ಯಾಪ್‌ಟಾಪ್ ಒರೆಸಿ, ಕುಂಕುಮ ಇಟ್ಟು, ಮೇಲೊಂದು ಚೆಂಡುಹೂವು ಇಡುವಾಗ ನೆನಪಾಯಿತು. ಈ ಕೆಲಸ ಶುರು ಮಾಡಿ ಐದು ವರ್ಷ. 2020ರ ದಸರಾ ಹೊತ್ತಿಗೆ ಶುರು ಮಾಡಿದ್ದೆ. ಕೊರೊನಾ ಅಂತ ಜಂಬೂಸವಾರಿ ಅರಮನೆ ಅಂಗಳದೊಳಗೇ ಮುಗಿದ ವರ್ಷ ಅದು. ಅವತ್ತು ಇದ್ದದ್ದು ಇದೇ ಲ್ಯಾಪ್‌ಟಾಪ್, ಮೈಸೂರಿನ ಕುವೆಂಪುನಗರದ ಮನೆಯ ಹಿಂದಿನ ರೂಮು, ಒಬ್ಬರೇ ಗಿರಾಕಿ. ಮಾರ್ಕೆಟಿಂಗ್ ಅಂದರೆ ಮನೆಮನೆಗೆ ಹೋಗಿ ಸೋಪು ಮಾರೋದಾ ಅಂತ ನಮ್ಮ ದೊಡ್ಡಮ್ಮ ಇವತ್ತಿಗೂ ಕೇಳುತ್ತಾರೆ. ಅಲ್ಲ ದೊಡ್ಡಮ್ಮ, ಸೋಪು ಮಾರೋರಿಗೆ ಗಿರಾಕಿ ಹುಡುಕಿಕೊಡೋದು ಅಂತ ನಾನೂ ಪ್ರತಿಸಲ ಹೇಳುತ್ತೇನೆ.

ಐದರಲ್ಲಿ ನಾಲ್ಕು ವರ್ಷ ಹೇಗೋ ಕಳೆದವು. ಕಳೆದ ದಸರಾದಿಂದ ಈ ದಸರಾದವರೆಗಿನ ವರ್ಷ ಮಾತ್ರ ನನ್ನನ್ನು ಹಿಂಡಿಹಾಕಿತು. ಅದನ್ನು ದಾಟಿಸಿದವರಿಗೆ ಥ್ಯಾಂಕ್ಸ್ ಹೇಳೋಣ ಅಂತ ಕೂತಿದ್ದೇನೆ. ಯಾರ ಹೆಸರನ್ನೂ ಬರೆಯಲ್ಲ. ಅವರಿಗೆ ಗೊತ್ತಾಗುತ್ತದೆ.

ಆಗಿದ್ದಿಷ್ಟು. ಬೆಂಗಳೂರಿನ ಒಂದು ಕಂಪನಿಗೆ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೆ. ತಿಂಗಳಿಗೆ 62,000. ನನ್ನ ಸಂಪಾದನೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲಿಂದಲೇ. ಒಬ್ಬ ಗಿರಾಕಿ ಮೇಲೆ ಅಂಗಡಿ ನಡೆಸಬೇಡಿ ಅಂತ ಊರಿಗೆಲ್ಲ ಹೇಳುವವಳು ನಾನು! 2024ರ ಅಕ್ಟೋಬರ್, ನವೆಂಬರ್, ಡಿಸೆಂಬರ್ ಬಿಲ್ಲಿನ ದುಡ್ಡು ಬರಲಿಲ್ಲ. ಜನವರಿಯಲ್ಲಿ 'ಇನ್ನು ಮುಂದೆ ಬರವಣಿಗೆಯ ಕೆಲಸ ಎಐನಲ್ಲೇ ಮಾಡಿಕೊಳ್ಳುತ್ತೇವೆ' ಅಂತ ಎರಡು ಸಾಲಿನ ಮೇಲ್ ಬಂತು. ಹಳೇ ಬಾಕಿಯ ಮಾತೇ ಇಲ್ಲ.

ಅದಕ್ಕಿಂತ ದೊಡ್ಡ ಪೆದ್ದುತನ ಇನ್ನೊಂದಿದೆ. ಡಿಸೆಂಬರ್‌ನಲ್ಲಿ ಅವರ ಕಾರ್ಡ್ ಕೆಲಸ ಮಾಡುತ್ತಿಲ್ಲ ಅಂದಿದ್ದಕ್ಕೆ ಅವರ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತಿನ ದುಡ್ಡನ್ನು ನನ್ನ ಕ್ರೆಡಿಟ್ ಕಾರ್ಡಿಂದ ಕಟ್ಟಿದ್ದೆ. 48,000. ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 56,640. ನನ್ನ ವಹಿವಾಟು ವರ್ಷಕ್ಕೆ 20 ಲಕ್ಷದ ಒಳಗೆ ಇರೋದರಿಂದ ಜಿಎಸ್‌ಟಿ ನಂಬರ್ ಮಾಡಿಸಿಲ್ಲ. ಹಾಗಾಗಿ ಆ ತೆರಿಗೆಯನ್ನು ಎಲ್ಲೂ ಹೊಂದಿಸಿಕೊಳ್ಳೋಕೂ ಆಗಲ್ಲ. ಕಾರ್ಡಿನ ಬಡ್ಡಿ ಬೇರೆ. ಈ ಕೆಲಸದಲ್ಲಿರುವ ತಮ್ಮ-ತಂಗಿಯರಿಗೆ ಒಂದೇ ಮಾತು: ಗಿರಾಕಿಯ ಜಾಹೀರಾತು ಗಿರಾಕಿಯ ಕಾರ್ಡಲ್ಲೇ ಓಡಲಿ. ಎಷ್ಟೇ ಒಳ್ಳೆಯವರಾಗಿರಲಿ.

ನಾನು ಎಂಥವಳು ಅಂದರೆ, ಬೇರೆಯವರ ಸರಕನ್ನು ನಾಲ್ಕು ಥರ ಹೊಗಳಿ ಮಾರುತ್ತೇನೆ, ನನ್ನ ದುಡ್ಡು ಕೇಳೋಕೆ ಮಾತ್ರ ನಾಲಿಗೆ ಹೊರಳಲ್ಲ. 'ಸರ್, ಬಿಡುವಾದಾಗ ಸ್ವಲ್ಪ ನೋಡಿ' ಅಂತ ಮೆಸೇಜ್ ಹಾಕಿ, ಕೊನೆಗೆ ಕೈಮುಗಿಯುವ ಚಿತ್ರ ಅಂಟಿಸಿ ಸುಮ್ಮನಾಗುತ್ತಿದ್ದೆ. ಅವರಿಗೆ ಬಿಡುವಾಗುತ್ತಲೇ ಇರಲಿಲ್ಲ.

ಮೊದಲ ನಮಸ್ಕಾರ ಸರಸ್ವತಿಪುರಂನ ಆಡಿಟರ್ ಅಂಕಲ್‌ಗೆ. ಫೆಬ್ರವರಿಯಲ್ಲಿ ಅವರ ಮುಂದೆ ಹೋಗಿ ಕೂತೆ. ಕಂಪನಿಯವರು 'ನಿಮ್ಮ ಬಿಲ್ ನಮ್ಮ ಅಕೌಂಟ್ಸ್‌ಗೆ ಬಂದೇ ಇಲ್ಲ' ಅನ್ನುತ್ತಿದ್ದಾರೆ ಅಂದೆ. ಅಂಕಲ್ ಏನೂ ಮಾತಾಡಲಿಲ್ಲ. ಕನ್ನಡಕ ಮೂಗಿನ ತುದಿಗೆ ಇಳಿಸಿ, ನನ್ನ ಪ್ಯಾನ್ ನಂಬರಲ್ಲಿ ಫಾರಂ 26ಎಎಸ್, ಅಂದರೆ ನನ್ನ ಹೆಸರಲ್ಲಿ ಯಾರು ಎಷ್ಟು ತೆರಿಗೆ ಕಟ್ಟಿದ್ದಾರೆ ಅನ್ನುವ ಪಟ್ಟಿ, ತೆಗೆದರು. ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದರು. ಅಲ್ಲಿ ಮೂರು ಸಾಲು. ಮೂರು ತಿಂಗಳಿಗೂ 62,000, ಅದರ ಎದುರಿಗೆ ಹತ್ತು ಪರ್ಸೆಂಟ್ ಟಿಡಿಎಸ್ (ದುಡ್ಡು ಕೊಡುವವರೇ ಮೊದಲೇ ಹಿಡಿದುಕೊಳ್ಳುವ ತೆರಿಗೆ), 6,200. ಬಿಲ್ಲನ್ನು ತಮ್ಮ ಖರ್ಚಿಗೆ ಬರೆದುಕೊಂಡು, ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟಿಯೂ ಆಗಿತ್ತು. ನನಗೆ ಕೊಡೋದೊಂದು ಬಿಟ್ಟು!

'ಬಿಲ್ ಬಂದಿಲ್ವಂತಾ? ಇದೇನಮ್ಮ ಹಾಗಾದ್ರೆ?' ಅಂದರು.

ಆಮೇಲೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸಿದ್ದು, ಇದೆಯಾ ಅಂತ ಕೇಳಿದರು. ಇತ್ತು. ಎರಡು ವರ್ಷದ ಹಿಂದೆ ಬ್ಯಾಂಕ್ ಸಾಲಕ್ಕೆ ಅಂತ ಆನ್‌ಲೈನಲ್ಲಿ ಪುಕ್ಕಟೆ ಮಾಡಿಕೊಂಡಿದ್ದೆ. ಸಾಲ ಸಿಗಲಿಲ್ಲ, ಸರ್ಟಿಫಿಕೇಟ್ ಮೂಲೆ ಸೇರಿತ್ತು. ಅದೇ ಈಗ ಕೈ ಹಿಡಿಯಿತು. 2006ರ ಎಂಎಸ್‌ಎಂಇ ಅಂದರೆ ಸಣ್ಣ, ಮಧ್ಯಮ ಉದ್ಯಮಗಳ ಕಾಯ್ದೆ ಪ್ರಕಾರ ನಮ್ಮಂಥ ಸಣ್ಣವರಿಗೆ ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಲೇಬೇಕು. ತಡ ಮಾಡಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಇದೆಲ್ಲ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ.

ಅಂಕಲ್ ಹೇಳಿದ ಇನ್ನೊಂದು ವಿಷಯ ಅದಕ್ಕಿಂತ ಮಜವಾಗಿದೆ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಅಂತ ಒಂದು ನಿಯಮ ಸೇರಿತ್ತು. ಸಣ್ಣವರಿಗೆ ಗಡುವಿನೊಳಗೆ ದುಡ್ಡು ಕೊಡದೆ, ಮಾರ್ಚ್ 31 ದಾಟಿದರೂ ಬಾಕಿ ಇಟ್ಟುಕೊಂಡರೆ, ಆ ವರ್ಷದ ಲೆಕ್ಕದಲ್ಲಿ ಅದನ್ನು ಖರ್ಚು ಅಂತ ತೋರಿಸೋಕೆ ಬರಲ್ಲ. ಅಷ್ಟೂ ದುಡ್ಡಿಗೆ ಅವರೇ ತೆರಿಗೆ ಕಟ್ಟಬೇಕು. 'ನಿನ್ನ ಮೇಲೆ ಕನಿಕರ ಬಂದು ಯಾರೂ ಕೊಡಲ್ಲ. ಅವರ ಆಡಿಟರ್‌ಗೆ ಮಾರ್ಚ್ ತಿಂಗಳಲ್ಲಿ ಇದು ನೆನಪಾಗಬೇಕು, ಅಷ್ಟೆ' ಅಂದರು. ಒಂದು ಪುಟದ ಕಾಗದ ಬರೆಸಿದರು. ನಾನು 'ದಯವಿಟ್ಟು' ಅಂತ ಮೂರು ಕಡೆ ಹಾಕಿದ್ದೆ. ಎರಡು ಹೊಡೆದುಹಾಕಿದರು.

ಮಾರ್ಚ್ 28ಕ್ಕೆ ದುಡ್ಡು ಬಂತು. ಟಿಡಿಎಸ್ ಕಳೆದು 1,67,400. ಮೊಬೈಲ್ ಸದ್ದಾದಾಗ ನಾನು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೀತಾ ಇದ್ದೆ. ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟೆ. ಅಳು ಬಂತು ಅಂತ ಬರೆದರೆ ಚೆನ್ನಾಗಿರುತ್ತಿತ್ತು. ನಿಜ ಹೇಳಬೇಕು ಅಂದರೆ ಹಸಿವಾಯಿತು. ಜಾಹೀರಾತಿನ ದುಡ್ಡು ಬರೋಕೆ ಮೇ ತಿಂಗಳಾಯಿತು. ಬಡ್ಡಿ ಕೇಳು ಅಂತ ಅಂಕಲ್ ಹೇಳಿದ್ದರು, ಕೇಳಲಿಲ್ಲ. ಅದೊಂದು ಈಗಲೂ ಚುಚ್ಚುತ್ತದೆ. ಇಷ್ಟೆಲ್ಲ ಮಾಡಿದ್ದಕ್ಕೆ ಫೀಸು ಎಷ್ಟು ಅಂಕಲ್ ಅಂದರೆ, ಬಿಲ್ ಬರೆದು ಕೈಗಿತ್ತರು. 'ನಾನು ಬಿಟ್ಟುಕೊಟ್ರೆ ನೀನೂ ಬಿಟ್ಟುಕೊಡೋದು ಕಲೀತೀಯ' ಅಂದರು. ಅವತ್ತೇ ಕಟ್ಟಿದೆ.

ಜನವರಿಯಿಂದ ಮಾರ್ಚ್‌ವರೆಗೆ ಮನೆ ನಡೆದದ್ದು ಅಮ್ಮನ ಚೀಟಿಯಿಂದ. ಬೀದಿಯ ಹೆಂಗಸರೆಲ್ಲ ಸೇರಿ ಹಾಕುವ ಚೀಟಿ. ಕೊನೇ ಕಂತಿಗೆ ಎತ್ತಿದ್ದರೆ ಪೂರ್ತಿ ಸಿಗುತ್ತಿತ್ತು. ಅಮ್ಮ ಜನವರಿಯಲ್ಲೇ ಜಾಸ್ತಿ ಕೂಗಿ, ನಷ್ಟಕ್ಕೆ ಎತ್ತಿಬಿಟ್ಟರು. ನನಗೆ ಹೇಳಲೂ ಇಲ್ಲ. ಅಕ್ಕಿ ಡಬ್ಬದ ಮೇಲೆ ಹಳದಿ ಚೀಲದಲ್ಲಿ ದುಡ್ಡು ಇತ್ತು. 'ಇದೇನಮ್ಮ' ಅಂದರೆ 'ಅಲ್ಲೇ ಇರಲಿ, ಬೇಕಾದಷ್ಟು ತಗೋ' ಅಂದರು. ಎಷ್ಟು ನಷ್ಟಕ್ಕೆ ಕೂಗಿದರು ಅಂತ ಇನ್ನೂ ಹೇಳಿಲ್ಲ.

ನನ್ನ ಗಂಡನಿಗೆ ಇಲ್ಲಿ ಒಂದೇ ಸಾಲು, ಜಾಸ್ತಿ ಬರೆದರೆ ಅವರಿಗೇ ಮುಜುಗರ: ಆ ಮೂರು ತಿಂಗಳು 'ಎಲ್ಲಾದರೂ ಕೆಲಸಕ್ಕೆ ಸೇರಬಹುದಲ್ವಾ' ಅಂತ ಒಂದು ದಿನವೂ ಕೇಳದೆ ಇದ್ದದ್ದಕ್ಕೆ.

ಒಂಟಿಕೊಪ್ಪಲಿನ ಡಿಸೈನರ್ ಗೆಳತಿಗೂ ಥ್ಯಾಂಕ್ಸ್. ಉಳಿದವರು ಸಮಾಧಾನ ಹೇಳಿದರು, ನೀನು ಗಿರಾಕಿ ಕಳಿಸಿದೆ. ನೀನು ಕಳಿಸಿದ ಸೀರೆ ಅಂಗಡಿಯವರು ಮೊದಲ ದಿನವೇ ಫೋನ್ ತೋರಿಸಿ, 'ಇದೆಲ್ಲ ಚಾಟ್‌ಜಿಪಿಟಿ ಬರೆದುಕೊಡುತ್ತಲ್ಲ ಮೇಡಂ, ನೀವ್ಯಾಕೆ' ಅಂದಿದ್ದರು. ಗೌರಿಹಬ್ಬದ ಜಾಹೀರಾತು ಅದು. ಓದಿದೆ. 'ನಿಮ್ಮ ಬಾಗಿನವನ್ನು ಇಂದೇ ಅನ್‌ಬಾಕ್ಸ್ ಮಾಡಿ' ಅಂತ ಇತ್ತು. ಮೊರದ ಬಾಗಿನ ಕೊಡೋದು ಹೇಗೆ ಅಂತ ಅಂಗಡಿಯವರ ಹೆಂಡತಿಯೇ ಅಲ್ಲಿ ಕೂತು ಗಂಡನಿಗೆ ವಿವರಿಸಿದರು. ಕೆಲಸ ನನಗೇ ಸಿಕ್ಕಿತು. ಎಐ ಅನ್ನು ನಾನೂ ದಿನಾ ಬಳಸುತ್ತೇನೆ, ಸುಳ್ಳು ಹೇಳಲ್ಲ. ಆದರೆ ಆ ಅಮ್ಮನನ್ನು ಕೇಳಿ ಬರೆದದ್ದಕ್ಕೆ ಜನ ಫೋನ್ ಮಾಡಿದರು.

ಇನ್ನು ಮಂಡ್ಯದ ಆಲೆಮನೆ ಗೌಡರು. ಇವರ ಬಗ್ಗೆ ಬರೆಯೋಕೆ ಅಂತಲೇ ಇಷ್ಟು ದೂರ ಬಂದೆ.

ಮಾರ್ಚ್ ಮೊದಲ ವಾರ, ಕೈಯಲ್ಲಿ ಕೆಲಸವಿಲ್ಲದ ಹೊತ್ತಲ್ಲಿ ಅವರ ಮಗ ಫೋನ್ ಮಾಡಿದ. ಬೆಳಗಿನ ಜಾವದ ಬೆಂಕಿ ನೋಡಬೇಕು ಅಂದರು ಗೌಡರು, ನಾಲ್ಕಕ್ಕೇ ಹೋದೆ. ಗಾಣದಿಂದ ಕಬ್ಬಿನ ಹಾಲು ಕೊಪ್ಪರಿಗೆಗೆ ಇಳಿಯುತ್ತಿತ್ತು. ಒಲೆಗೆ ಒಣಗಿದ ಸಿಪ್ಪೆ ತಳ್ಳುತ್ತಿದ್ದರು. ಬೆಂಡೆ ಗಿಡ ಜಜ್ಜಿ ತೆಗೆದ ಲೋಳೆ ರಸ ಹಾಕಿದ ಮೇಲೆ ಮಡ್ಡಿಯೆಲ್ಲ ನೊರೆಯಾಗಿ ಮೇಲೆ ಬಂತು. ಅದನ್ನು ಜಾಲರಿಯಲ್ಲಿ ಎತ್ತಿ ಎತ್ತಿ ಚೆಲ್ಲಿದರು. ಗೌಡರ ಕಷ್ಟ ಒಂದೇ. ಅವರ ಬೆಲ್ಲ ಕಪ್ಪು. ಬಣ್ಣ ತಿಳಿಯಾಗಿಸುವ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕಿದ್ದರೆ ಹಳದಿಯಾಗಿ ಹೊಳೆಯುತ್ತಿತ್ತು. ಪೇಟೆಯ ಜನ ಹಳದಿಯನ್ನೇ ಆರಿಸಿಕೊಳ್ಳುತ್ತಾರೆ.

ನಾನು ಹೆಚ್ಚೇನೂ ಮಾಡಲಿಲ್ಲ. ಆ ಕೊಪ್ಪರಿಗೆಯನ್ನೇ ಮೊಬೈಲಲ್ಲಿ ತೆಗೆದೆ. ಬೆಲ್ಲ ಯಾಕೆ ಕಪ್ಪು ಅಂತ ಗೌಡರೇ ಅವರ ಮಾತಲ್ಲೇ ಹೇಳಿದರು. ಮೈಸೂರಿನ ಅಪಾರ್ಟ್‌ಮೆಂಟ್‌ಗಳ ವಾಟ್ಸಾಪ್ ಗುಂಪುಗಳಿಗೆ ಹೋಯಿತು. ಯುಗಾದಿಗೆ ಅಚ್ಚು ಬೆಲ್ಲ ಖಾಲಿ.

ಆದರೆ ಹೇಳಬೇಕಾದ್ದು ಅದಲ್ಲ. ಅವತ್ತು ಬೆಳಗ್ಗೆ ಹೊರಡುವಾಗ ಗೌಡರು ಹತ್ತು ಸಾವಿರ ಕೈಗಿಟ್ಟರು. 'ಕೆಲಸ ಆಗಲಿ, ಆಮೇಲೆ ಕೊಡಿ' ಅಂದೆ. ಅಭ್ಯಾಸ.

'ಮೊದ್ಲು ಈಸ್ಕೊಳವ್ವ. ಕಬ್ಬು ತೂಗಿದ ಹದಿನಾಲ್ಕು ದಿನಕ್ಕೆ ಫ್ಯಾಕ್ಟ್ರಿ ದುಡ್ಡು ಕೊಡ್ಬೇಕು ಅಂತ ಕಾನೂನೇ ಐತೆ. ಆದ್ರೂ ನಾವು ಎಷ್ಟು ಸಲ ಕಾದಿಲ್ಲ? ಕಾದೋರ ಸಂಕ್ಟ ನಂಗೊತ್ತು. ಕಾಯ್ಸೋ ಪಾಪ ನಂಗ್ಬೇಡ.'

ಅವತ್ತಿಂದ ಮುಂಗಡ ಇಲ್ಲದೆ ಕೆಲಸ ಹಿಡಿಯುತ್ತಿಲ್ಲ. ಮೊದಲೆರಡು ಸಲ ಹೇಳುವಾಗ ಗಂಟಲು ಒಣಗಿತು. ಇಬ್ಬರು ಹೊರಟೇ ಹೋದರು, ಹೋಗಲಿ. ಈಗ ಕೈಯಲ್ಲಿ ಏಳು ಗಿರಾಕಿಗಳಿದ್ದಾರೆ. ಎಲ್ಲ ಸಣ್ಣವರು. ಯಾರದ್ದೂ ನನ್ನ ಸಂಪಾದನೆಯ ಕಾಲು ಭಾಗಕ್ಕಿಂತ ಜಾಸ್ತಿ ಇಲ್ಲ. ಒಟ್ಟು ದುಡ್ಡು ಹೋದ ವರ್ಷಕ್ಕಿಂತ ಇನ್ನೂ ಸ್ವಲ್ಪ ಕಮ್ಮಿಯೇ.

ಆಯುಧಪೂಜೆ ದಿನ ಗೌಡರ ಮಗ ಒಂದು ಪಿಂಡಿ ಬೆಲ್ಲ ಬಸ್ಸಿಗೆ ಹಾಕಿ ಕಳಿಸಿದ್ದ. ಲ್ಯಾಪ್‌ಟಾಪಿಗೆ ಆರತಿ ಮಾಡಿದೆ, ಬಾಯಿಗೆ ಒಂದು ಚೂರು ಬೆಲ್ಲ ಹಾಕಿಕೊಂಡೆ, ಹಾಗೇ ಕೂತು ಮುಂದಿನ ಮೂರು ತಿಂಗಳ ಮುಂಗಡದ ಬಿಲ್ ಗೌಡರಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು.

'ಹಬ್ಬದ ದಿನಾನೂ ಬಿಡಾಕಿಲ್ವಲ್ಲವ್ವ ನೀನು!'

'ನೀವೇ ಅಲ್ವಾ ಗೌಡ್ರೆ ಕಲಿಸಿದ್ದು' ಅಂದೆ. ಜೋರಾಗಿ ನಕ್ಕರು. ಫೋನ್ ಇಡುವ ಮೊದಲೇ ದುಡ್ಡು ಬಂದಿತ್ತು.