ಓಲ್ಡಮ್ ಕೌನ್ಸಿಲ್ಲಿನ ನಾಯಕರಿಗೆ: ಗಿರಣಿಗೆ ಬೆಂಕಿ ಬೀಳುವ ಮೊದಲೇ ನೋಟಿಸ್ ಕೊಡಿ

ಮಾನ್ಯ ನಾಯಕರೇ,

ನಮ್ಮೂರಿನ ಹತ್ತಿ ಗಿರಣಿ ಹಾರ್ಟ್‌ಫರ್ಡ್ ಮಿಲ್ ಈಗ ಇಲ್ಲ, ಕೆಡವಿಯಾಯಿತು. ಅದನ್ನು ಉಳಿಸಿಕೊಡಿ ಎಂದು ಕೇಳುವ ಕಾಲ ಮುಗಿದುಹೋಯಿತು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಈ ಓಲ್ಡಮ್ ಊರಿನಲ್ಲಿ ಇನ್ನೂ ನಿಂತಿರುವ ಹತ್ತಿ ಗಿರಣಿಗಳಿಗೆ ಅದೇ ಗತಿ ಬಾರದಿರಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ. ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಬೇರೆಯಾಗಿ ಕಳಿಸಿದ್ದೇನೆ. ಇದು ಕನ್ನಡದವರ ಮುಂದೆಯೂ ಇರಲಿ ಅನ್ನಿಸಿತು. ಆಸ್ಪತ್ರೆ ಕೆಲಸಕ್ಕೋ ಕಂಪ್ಯೂಟರ್ ಕೆಲಸಕ್ಕೋ ಬಂದು ಈ ಕಡೆ ನೆಲೆಸಿದ ನಮ್ಮಂಥವರು ಕೌನ್ಸಿಲ್ಲಿಗೆ, ಅಂದರೆ ಇಲ್ಲಿಯ ನಗರಸಭೆಗೆ, ತೆರಿಗೆ ಕಟ್ಟುತ್ತೇವೆ, ಕಾಮನ್‌ವೆಲ್ತ್ ಪ್ರಜೆಗಳಾದ್ದರಿಂದ ವೋಟೂ ಹಾಕುತ್ತೇವೆ. ಆದರೆ ಊರಿನ ಹಳೇ ಕಟ್ಟಡದ ವಿಷಯ ಬಂದರೆ ‘ಅದು ಅವರದು’ ಎಂದು ಸುಮ್ಮನಾಗುತ್ತೇವೆ. ಅದು ಬರೀ ಅವರದಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ಹಾರ್ಟ್‌ಫರ್ಡ್‌ನ ಕಥೆ. ನಿಮಗೆ ಗೊತ್ತಿರುವುದೇ, ಓದುವ ಉಳಿದವರಿಗಾಗಿ ಬರೆಯುತ್ತಿದ್ದೇನೆ. 1907ರಲ್ಲಿ ಕಟ್ಟಿದ ದೊಡ್ಡ ನೂಲಿನ ಗಿರಣಿ. ನೂಲುವುದು ನಿಂತ ಮೇಲೆ ಲಿಟಲ್‌ವುಡ್ಸ್ ಕಂಪನಿ ಅದನ್ನು ಗೋದಾಮು ಮಾಡಿಕೊಂಡಿತ್ತು. 1990ರ ದಶಕದ ಆರಂಭದಲ್ಲಿ ಅವರೂ ಬಿಟ್ಟು ಹೋದರು. 1993ರಲ್ಲಿ ಅದು ಗ್ರೇಡ್ 2 (1, 2 ಸ್ಟಾರ್, 2 ಎಂಬ ಮೂರು ದರ್ಜೆಗಳಲ್ಲಿ ಕೊನೆಯದು) ಸಂರಕ್ಷಿತ ಕಟ್ಟಡವಾಯಿತು. ಅಂದರೆ, ಕಟ್ಟಡ ಖಾಲಿಯಾದದ್ದೂ ಅದಕ್ಕೆ ರಕ್ಷಣೆ ಸಿಕ್ಕಿದ್ದೂ ಹೆಚ್ಚುಕಡಿಮೆ ಒಟ್ಟಿಗೇ. ಆ ರಕ್ಷಣೆಯಲ್ಲಿ ಅದು ಸುಮಾರು ಮೂರು ದಶಕ ಕೊಳೆಯಿತು. ಗಾಜು ಒಡೆಯಿತು, ಹುಡುಗರು ನುಗ್ಗಿದರು, ಬೆಂಕಿ ಬಿತ್ತು. 2012ರಲ್ಲಿ ಪಕ್ಕದಲ್ಲೇ ಫ್ರೀಹೋಲ್ಡ್ ಟ್ರಾಮ್ ನಿಲ್ದಾಣ ಬಂತು, ಜಾಗದ ಬೆಲೆ ಏರಿತು, ಗಿರಣಿಯದು ಏರಲಿಲ್ಲ. ಕೊನೆಗೆ ‘ಇದು ಅಪಾಯಕಾರಿ, ಇನ್ನು ದುರಸ್ತಿ ಲಾಭದಾಯಕವಲ್ಲ’ ಎಂಬ ವಾದ ಬಂದಾಗ ಎದುರು ಹೇಳುವವರಿಗೆ ಹೇಳಲು ಏನೂ ಉಳಿದಿರಲಿಲ್ಲ. ಆ ಹೊತ್ತಿಗೆ ಆ ವಾದ ನಿಜವೇ ಆಗಿತ್ತು. ನನ್ನ ತಕರಾರು ಆ ಕೊನೆಯ ದಿನದ ತೀರ್ಮಾನದ ಮೇಲಲ್ಲ, ಅದಕ್ಕಿಂತ ಹಿಂದಿನ ಮೂರು ದಶಕದ ಮೇಲೆ.

ಸಂರಕ್ಷಿತ ಕಟ್ಟಡ ಅಂದರೆ ಸರಕಾರ ಅದನ್ನು ನೋಡಿಕೊಳ್ಳುತ್ತದೆ ಎಂದು ಜನ ತಿಳಿಯುತ್ತಾರೆ. ಕಾನೂನು ಹೇಳುವುದು ಅಷ್ಟಲ್ಲ. ಅನುಮತಿ ಇಲ್ಲದೆ ಕೆಡವಬೇಡ, ರೂಪ ಬದಲಿಸಬೇಡ ಎಂದು ಹೇಳುತ್ತದೆ. ಛಾವಣಿ ಸೋರದಂತೆ ನೋಡಿಕೋ ಎಂದು ಮಾಲೀಕನಿಗೆ ತಾನಾಗಿ ಹೇಳುವುದಿಲ್ಲ. ಕೈಯಿಂದ ಕೆಡವಿದರೆ ಅಪರಾಧ, ಮಳೆಯ ಕೈಯಲ್ಲಿ ಕೆಡವಿಸಿದರೆ ಕೇಳುವವರಿಲ್ಲ.

ಮಳೆ ಹೇಗೆ ಕೆಡವುತ್ತದೆ ಎಂಬುದನ್ನು ನೋಡಲು ಓಲ್ಡಮ್‌ನಲ್ಲಿ ದೂರ ಹೋಗಬೇಕಿಲ್ಲ. ನಾನು ದಿನವೂ ಹಾದುಹೋಗುವ ಒಂದು ಖಾಲಿ ಗಿರಣಿ ಇದೆ. ಹೆಸರು ಬರೆಯುವುದಿಲ್ಲ, ಮಾಲೀಕರ ಜೊತೆ ಜಗಳ ನನಗೆ ಬೇಕಾಗಿಲ್ಲ. ಐದು ಅಂತಸ್ತು, ಕೆಂಪು ಇಟ್ಟಿಗೆ. ಮೂಲೆಯ ಗೋಪುರದ ಮೇಲೆ ಬಿಳಿ ಇಟ್ಟಿಗೆಯಲ್ಲಿ ಗಿರಣಿಯ ಹೆಸರು. ಆ ಗೋಪುರ ಬರೀ ಶೋಕಿಯದಲ್ಲ, ಒಳಗೆ ನೀರಿನ ಟ್ಯಾಂಕು. ಬೆಂಕಿ ಬಿದ್ದರೆ ಎಲ್ಲ ಅಂತಸ್ತಿಗೂ ನೀರು ಚಿಮ್ಮಿಸಲು ಇಟ್ಟದ್ದು. ಅದರ ಪಕ್ಕದಲ್ಲಿ ಛಾವಣಿಯ ನೀರು ಇಳಿಯುವ ಎರಕದ ಕಬ್ಬಿಣದ ಪೈಪು. ಪೈಪಿನ ಬಾಯಲ್ಲಿ ಬಡ್ಲಿಯಾ ಗಿಡ ಬೆಳೆದು ನೇರಳೆ ಹೂ ಬಿಟ್ಟಿದೆ. ನಮ್ಮ ಕಡೆ ಪಾಳು ಗುಡಿಯ ಶಿಖರದಲ್ಲಿ ಅರಳಿ ಸಸಿ ಏಳುವುದಿಲ್ಲವೇ, ಹಾಗೆ. ಪೈಪು ಕಟ್ಟಿತು, ನೀರು ಗೋಡೆಯ ಮೇಲೆ ಇಳಿಯಿತು, ಇಟ್ಟಿಗೆಯ ಮೇಲೆ ಎರಡಂತಸ್ತಿನಷ್ಟು ಉದ್ದ ಹಸಿರು ಪಟ್ಟೆ ಎದ್ದಿದೆ. ಗೋಡೆಯೊಳಗೆ ಉಕ್ಕಿನ ತೊಲೆಗಳಿವೆ. ಉಕ್ಕಿಗೆ ತುಕ್ಕು ಹಿಡಿದರೆ ಅದು ಉಬ್ಬುತ್ತದೆ, ಉಬ್ಬಿದರೆ ಇಟ್ಟಿಗೆ ಸಿಡಿಯುತ್ತದೆ, ಚಳಿಗಾಲದಲ್ಲಿ ಆ ಬಿರುಕಿನ ನೀರು ಹೆಪ್ಪುಗಟ್ಟಿ ಇನ್ನಷ್ಟು ಅಗಲ ಮಾಡುತ್ತದೆ. ಒಂದು ಏಣಿ, ಇಬ್ಬರು ಆಳು, ಅರ್ಧ ದಿನದ ಕೆಲಸ ಬಾಕಿ ಉಳಿದದ್ದಕ್ಕೆ ಹತ್ತು ವರ್ಷದಲ್ಲಿ ಒಂದು ಗೋಡೆಯೇ ಹೋಗುತ್ತದೆ. ಇನ್ನು ಬೆಂಕಿಯ ಮಾತು. ಹಳೆಯ ಗಿರಣಿಗಳ ಮರದ ನೆಲ ದಶಕಗಟ್ಟಲೆ ಯಂತ್ರದ ಎಣ್ಣೆ ಕುಡಿದಿರುತ್ತದೆ. ಒಂದು ಕಡೆ ಹತ್ತಿದರೆ ಮುಗಿಯಿತು.

ಈ ಅರ್ಧ ದಿನದ ಕೆಲಸ ಮಾಡಿಸುವ ಅಧಿಕಾರ ನಿಮ್ಮಲ್ಲಿದೆ. 1990ರ ಸಂರಕ್ಷಿತ ಕಟ್ಟಡಗಳ ಕಾಯ್ದೆಯ 54ನೇ ಸೆಕ್ಷನ್ ಪ್ರಕಾರ, ಖಾಲಿ ಬಿದ್ದ ಕಟ್ಟಡಕ್ಕೆ ತುರ್ತು ದುರಸ್ತಿ ಬೇಕಿದ್ದರೆ ಮಾಲೀಕರಿಗೆ ಏಳು ದಿನದ ನೋಟಿಸ್ ಕೊಟ್ಟು ಕೌನ್ಸಿಲ್ಲೇ ಒಳಹೊಕ್ಕು ಮಾಡಿಸಬಹುದು. ಖರ್ಚನ್ನು 55ನೇ ಸೆಕ್ಷನ್ ಪ್ರಕಾರ ಮಾಲೀಕರಿಂದಲೇ ವಸೂಲು ಮಾಡಬಹುದು. ಅದಕ್ಕಿಂತ ದೊಡ್ಡ ದುರಸ್ತಿಗೆ 48ನೇ ಸೆಕ್ಷನ್ನಿನ ನೋಟಿಸ್ ಇದೆ. ಎರಡು ತಿಂಗಳಲ್ಲಿ ಮಾಲೀಕರು ಕೈಹಾಕದಿದ್ದರೆ ಕಡ್ಡಾಯ ಸ್ವಾಧೀನಕ್ಕೆ ದಾರಿ ತೆರೆಯುತ್ತದೆ, ಬೇಕೆಂದೇ ಪಾಳು ಕೆಡವಿದ್ದು ಸಾಬೀತಾದರೆ ಪರಿಹಾರವೂ ಕನಿಷ್ಠಕ್ಕೆ ಇಳಿಯುತ್ತದೆ. ಹಲ್ಲಿಲ್ಲದ ಕಾನೂನೇನೂ ಅಲ್ಲ. ಎಷ್ಟೋ ಮಾಲೀಕರು ನೋಟಿಸ್ ಬರುತ್ತದೆಂದು ಗೊತ್ತಾದರೆ ಸಾಕು, ತಾವೇ ಏಣಿ ತರುತ್ತಾರೆ. ಆದರೆ ಕೌನ್ಸಿಲ್‌ಗಳು ಹಿಂಜರಿಯುತ್ತವೆ: ವಕೀಲರ ಖರ್ಚು, ಕೈಯಿಂದ ಹಾಕಿದ ಹಣ ವಾಪಸು ಬರುವುದೋ ಇಲ್ಲವೋ ಎಂಬ ಭಯ, ಕಡ್ಡಾಯವಾಗಿ ಕೊಂಡರೆ ಆ ಗಿರಣಿ ತಮ್ಮ ಕೊರಳಿಗೇ ಬಿದ್ದೀತೆಂಬ ಭಯ. ಭಯ ಸುಳ್ಳಲ್ಲ. ಆದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಖರ್ಚು ಅದಕ್ಕಿಂತ ಹೆಚ್ಚು.

ಇನ್ನೊಂದು ಸಂಗತಿ ಹೊರಗಿನವರಿಗೆ ಗೊತ್ತೇ ಇರುವುದಿಲ್ಲ. ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆ ಅಪಾಯದಲ್ಲಿರುವ ಪರಂಪರೆಯ ಪಟ್ಟಿಯನ್ನು ಪ್ರತಿವರ್ಷ ಹೊರಡಿಸುತ್ತದೆ, ಪತ್ರಿಕೆಗಳಲ್ಲಿ ದೊಡ್ಡದಾಗಿ ಬರುತ್ತದೆ. ಲಂಡನ್ ಬಿಟ್ಟು ಉಳಿದ ಕಡೆ ಅದರಲ್ಲಿ ಗ್ರೇಡ್ 1 ಮತ್ತು ಗ್ರೇಡ್ 2 ಸ್ಟಾರ್ ಕಟ್ಟಡಗಳಿಗೆ ಜಾಗ. ಗ್ರೇಡ್ 2ರಲ್ಲಿ ಪ್ರಾರ್ಥನಾ ಮಂದಿರಗಳಿಗೆ ಮಾತ್ರ. ನಮ್ಮ ಗಿರಣಿಗಳಲ್ಲಿ ಸಂರಕ್ಷಿತವಾದವು ಬಹುಪಾಲು ಬರೀ ಗ್ರೇಡ್ 2. ಅಂದರೆ ಛಾವಣಿ ಕುಸಿದರೂ ರಾಷ್ಟ್ರೀಯ ಪಟ್ಟಿಯಲ್ಲಿ ಅವು ಕಾಣುವುದಿಲ್ಲ. ಲಂಡನ್ನಿನ ಗ್ರೇಡ್ 2 ಕಟ್ಟಡ ಅಪಾಯದಲ್ಲಿದ್ದರೆ ಸುದ್ದಿ, ಓಲ್ಡಮ್‌ನದಾದರೆ ಇಲ್ಲ. ಈ ತಾರತಮ್ಯ ನೀವು ಮಾಡಿದ್ದಲ್ಲ. ಆದರೆ ಅದರ ಪರಿಣಾಮವಾಗಿ ಇವುಗಳ ಮೇಲೆ ಕಣ್ಣಿಡುವವರು ಕೌನ್ಸಿಲ್ಲಿನವರು ಬಿಟ್ಟು ಬೇರೆ ಯಾರೂ ಇಲ್ಲ.

ತೆರಿಗೆ ನಿಯಮಗಳಂತೂ ಉಲ್ಟಾ ಎಳೆಯುತ್ತವೆ. ಸಾಮಾನ್ಯ ವಾಣಿಜ್ಯ ಕಟ್ಟಡ ಖಾಲಿ ಇಟ್ಟರೆ ಕೆಲ ತಿಂಗಳಲ್ಲಿ ಬಿಸಿನೆಸ್ ರೇಟ್ಸ್ ಕಟ್ಟಬೇಕು. ಸಂರಕ್ಷಿತ ಕಟ್ಟಡವಾದರೆ ಖಾಲಿ ಇರುವಷ್ಟು ಕಾಲವೂ ವಿನಾಯಿತಿ. ಉದ್ದೇಶ ದಯೆಯದೇ ಇರಬಹುದು, ಫಲ ಮಾತ್ರ ಖಾಲಿ ಇಡುವವನಿಗೆ ಬಹುಮಾನ. ಹೊಸ ಮನೆ ಕಟ್ಟುವ ಕೆಲಸಕ್ಕೆ ವ್ಯಾಟ್ ಸೊನ್ನೆ. ಹಳೇ ಗಿರಣಿಯ ಛಾವಣಿ ದುರಸ್ತಿಗೆ 20%. ಸಂರಕ್ಷಿತ ಕಟ್ಟಡಗಳಲ್ಲಿ ಅನುಮತಿ ಪಡೆದ ಮಾರ್ಪಾಡಿಗೆ ಮೊದಲು ಸೊನ್ನೆ ದರವಿತ್ತು, 2012ರ ಅಕ್ಟೋಬರ್ 1ರಿಂದ ಅದನ್ನೂ ತೆಗೆದರು. ಇದು ಲಂಡನ್ನಿನ ಖಜಾನೆಯ ಕೆಲಸ, ನಿಮ್ಮದಲ್ಲ ಎಂದು ಬಲ್ಲೆ. ಆದರೆ ರಾಚ್‌ಡೇಲ್, ಬೋಲ್ಟನ್, ಬರ್ನ್‌ಲಿ, ಬ್ರಾಡ್‌ಫರ್ಡ್ ಎಲ್ಲ ಕಡೆಯೂ ಇದೇ ಗೋಳು. ಈ ಊರುಗಳ ನಾಯಕರು ಒಟ್ಟಾಗಿ ಒಂದು ಕಾಗದ ಬರೆದರೆ ಹಣಕಾಸು ಸಚಿವರು ಓದದೆ ಇರಲಾರರು.

ಇಷ್ಟೆಲ್ಲ ಯಾಕೆ, ಹಳೇ ಇಟ್ಟಿಗೆ ತಾನೇ ಎನ್ನುವವರಿದ್ದಾರೆ. 1911ರ ಹೊತ್ತಿಗೆ ಹತ್ತಿ ನೂಲುವ ಜಗತ್ತಿನ ಸುಮಾರು 14 ಕೋಟಿ ಕದಿರುಗಳಲ್ಲಿ 1.6 ಕೋಟಿಗೂ ಹೆಚ್ಚು ಓಲ್ಡಮ್ ಒಂದರಲ್ಲೇ ತಿರುಗುತ್ತಿದ್ದವು. ಅವು ತಿರುಗಿದ ಗಿರಣಿಗಳಲ್ಲಿ ಎಷ್ಟೋ ಒಬ್ಬ ಸಾಹುಕಾರನ ಆಸ್ತಿಯಲ್ಲ. ‘ಓಲ್ಡಮ್ ಲಿಮಿಟೆಡ್’ ಎಂದು ಹೆಸರಾದ ಕಂಪನಿಗಳಲ್ಲಿ ನೂಲುವವರು, ಅಂಗಡಿಯವರು ಸಣ್ಣ ಸಣ್ಣ ಷೇರು ಹಿಡಿದು, ಉಳಿತಾಯ ಇಟ್ಟು ಕಟ್ಟಿಸಿದ ಗಿರಣಿಗಳವು. ಊರಿನವರ ದುಡ್ಡಲ್ಲೇ ಎದ್ದವು. ಇಲ್ಲಿಯ ಪ್ಲ್ಯಾಟ್ ಬ್ರದರ್ಸ್ ಆಗಿನ ಜಗತ್ತಿನ ಅತಿ ದೊಡ್ಡ ಜವಳಿ ಯಂತ್ರ ಕಾರ್ಖಾನೆ. ಅವರ ಯಂತ್ರಗಳು ಭಾರತದ ಗಿರಣಿಗಳಿಗೂ ಹೋದವು. 1960ರ ದಶಕದಲ್ಲಿ ರಾತ್ರಿ ಪಾಳಿಗೆ ಸ್ಥಳೀಯರು ಸಿಗದಾದಾಗ ಈಗಿನ ಪಾಕಿಸ್ತಾನ, ಬಾಂಗ್ಲಾದೇಶದ ಹಳ್ಳಿಗಳಿಂದ ಜನ ಬಂದು ನಡೆಸಿದರು. ನಮ್ಮ ವಾರ್ಡುಗಳಲ್ಲಿ ಅವರ ಮೊಮ್ಮಕ್ಕಳಿದ್ದಾರೆ. ಅಜ್ಜ ದುಡಿದ ಜಾಗ ಯಾವುದು ಎಂದು ಆ ಮಕ್ಕಳು ಕೇಳಿದರೆ ಬೆರಳು ತೋರಿಸಲು ಒಂದು ಗೋಡೆಯಾದರೂ ಬೇಡವೇ?

ಇನ್ನು ನಮ್ಮ ಪಾಲು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಾಗ ಓಲ್ಡಮ್ ಆಗ ಸೇರಿದ್ದ ಲ್ಯಾಂಕಾಶೈರ್ ಸೀಮೆಗೆ ಹತ್ತಿಯ ಬರ ಬಿತ್ತು. ಗಿರಣಿಗಳು ಮುಚ್ಚಿ ಕೂಲಿಕಾರರು ಗಂಜಿಗೆ ಸಾಲು ನಿಂತರು. ಓಲ್ಡಮ್‌ನ ಅಲೆಕ್ಸಾಂಡ್ರಾ ಪಾರ್ಕ್ ಆಗ ಕೆಲಸ ಕಳೆದುಕೊಂಡವರ ಕೈಯಲ್ಲಿ ಕಟ್ಟಿಸಿದ್ದು, ತೆರೆದದ್ದು 1865ರಲ್ಲಿ. ಭಾರತದಿಂದ ಬಂದ ಹತ್ತಿಗೆಲ್ಲ ಇಲ್ಲಿ ‘ಸೂರತ್’ ಎಂದು ಒಂದೇ ಹೆಸರು. ಗಿಡ್ಡ ಎಳೆ, ಕಸ ಜಾಸ್ತಿ, ಮಾತು ಮಾತಿಗೆ ನೂಲು ಹರಿಯುತ್ತಿತ್ತು. ‘ದೇವರೇ, ಹತ್ತಿ ಕಳಿಸು, ಸೂರತ್ ಮಾತ್ರ ಬೇಡ’ ಎಂದು ಬೇಡಿಕೊಂಡರಂತೆ. ಆ ರಾಶಿಯಲ್ಲಿ ಧಾರವಾಡದ್ದಕ್ಕೆ ಬೇರೆ ಮರ್ಯಾದೆ ಇತ್ತು. 1840ರ ದಶಕದಿಂದ ನಮ್ಮ ಎರೆ ಹೊಲಗಳಲ್ಲಿ ಅಮೆರಿಕದ ಬೀಜ ಬಿತ್ತಿ ಬೆಳೆದ ‘ಧಾರವಾಡ-ಅಮೆರಿಕನ್’ ಅದು. ಆ ಹತ್ತಿ ಘಟ್ಟ ಇಳಿದು ಹಡಗು ಹತ್ತಲೆಂದು ಮ್ಯಾಂಚೆಸ್ಟರ್ ವರ್ತಕರು ಕಾರವಾರದ ಬಂದರಿಗೆ ಪಟ್ಟು ಹಿಡಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಅವರ ಒತ್ತಡವೂ ಇತ್ತು. ಇಲ್ಲಿಯ ಗಿರಣಿಯ ಹಸಿವಿಗೆ ನಮ್ಮ ಜಿಲ್ಲೆಯ ಗಡಿಯೇ ಸರಿಯಿತು. ಆದ್ದರಿಂದ ‘ನಿನಗೇನು ಸಂಬಂಧ’ ಎಂದು ದಯವಿಟ್ಟು ಕೇಳಬೇಡಿ.

ಕೌನ್ಸಿಲ್ ಮನಸ್ಸು ಮಾಡಿದರೆ ಏನಾಗುತ್ತದೆಂಬುದಕ್ಕೆ ಬೇರೆ ಊರಿಗೆ ಹೋಗಬೇಕಿಲ್ಲ. 1841ರ ಹಳೇ ಟೌನ್ ಹಾಲ್, 1900ರಲ್ಲಿ ಚರ್ಚಿಲ್ ಇಲ್ಲಿಂದ ಪಾರ್ಲಿಮೆಂಟಿಗೆ ಮೊದಲ ಬಾರಿ ಗೆದ್ದಾಗ ಅದರ ಮೆಟ್ಟಿಲ ಮೇಲೆ ನಿಂತು ಭಾಷಣ ಮಾಡಿದ್ದರು, ಎರಡು ದಶಕ ಖಾಲಿ ಬಿದ್ದು ನಾಡಿನ ಅತಿ ದುಃಸ್ಥಿತಿಯ ಕಟ್ಟಡಗಳ ಸಾಲಿಗೆ ಸೇರಿತ್ತು. 2016ರಲ್ಲಿ ಅದು ಸಿನಿಮಾ ಮಂದಿರವಾಗಿ ತೆರೆಯಿತು. ಖರ್ಚು 37 ಮಿಲಿಯನ್ ಪೌಂಡ್. ಆಗ ಬೈದವರೂ ಈಗ ಮಕ್ಕಳನ್ನು ಕರೆದುಕೊಂಡು ಅಲ್ಲೇ ಹೋಗುತ್ತಾರೆ. ಯೂನಿಯನ್ ಸ್ಟ್ರೀಟ್‌ನ 1883ರ ಹಳೇ ಗ್ರಂಥಾಲಯಕ್ಕೆ ಮತ್ತೆ ಜೀವ ಬಂದು ಜೆ. ಆರ್. ಕ್ಲೈನ್ಸ್ ಅವರ ಹೆಸರು ಬಂದಿದೆ. ಹತ್ತನೇ ವಯಸ್ಸಿಗೆ ಗಿರಣಿಯಲ್ಲಿ ಹರಿದ ಎಳೆ ಕಟ್ಟುತ್ತಿದ್ದ ಹುಡುಗ ಮುಂದೆ ಈ ದೇಶದ ಗೃಹ ಸಚಿವನಾದ. ಇದಕ್ಕೆಲ್ಲ ನಿಮಗೂ ನಿಮ್ಮ ಹಿಂದಿನವರಿಗೂ ಶಹಬ್ಬಾಸ್ ಹೇಳಲೇಬೇಕು. ಒಂದು ಮಾತು ಮಾತ್ರ: ಇವೆಲ್ಲ ಪೇಟೆ ನಡುವಿನ, ಕೌನ್ಸಿಲ್ಲಿನ ಸ್ವಂತ ಕಟ್ಟಡಗಳು. ಗಿರಣಿಗಳು ಹೊರವಲಯದಲ್ಲಿವೆ, ಖಾಸಗಿಯವರ ಕೈಯಲ್ಲಿವೆ, ಅವುಗಳ ಮುಂದೆ ನಿಂತು ಯಾರೂ ರಿಬ್ಬನ್ ಕತ್ತರಿಸುವುದಿಲ್ಲ.

ಎಲ್ಲ ಗಿರಣಿಯನ್ನೂ ಉಳಿಸಿ ಎನ್ನುವಷ್ಟು ಹುಚ್ಚು ನನಗಿಲ್ಲ. ಬಾಡಿಗೆಗೆ ಮನೆ ಸಿಗದೆ ಪರದಾಡುವ ಜನ ನನ್ನ ಬೀದಿಯಲ್ಲೇ ಇದ್ದಾರೆ. ಹಲವು ಗಿರಣಿಗಳಲ್ಲಿ ನೋಡಲು ವಿಶೇಷವೇನೂ ಉಳಿದಿಲ್ಲ, ಅವು ಹೋದರೆ ನಾನು ಪತ್ರ ಬರೆಯುವುದಿಲ್ಲ. ಆದರೆ ಚ್ಯಾಡರ್ಟನ್‌ನ ಮ್ಯಾನರ್ ಮಿಲ್ಲಿನ ಗುಮ್ಮಟ, 1898ರ ನೈಲ್ ಮಿಲ್, ಇಂಥವನ್ನು ಇಡೀ ಊರು ದಿನವೂ ದೂರದಿಂದಲೇ ಗುರುತು ಹಿಡಿಯುತ್ತದೆ. ಇವುಗಳ ಒಳಗೆ ಈಗಲೂ ಹಾಸಿಗೆ ಮಾಡುವವರು, ಸಗಟು ಅಂಗಡಿಯವರು ಬಾಡಿಗೆ ಕಟ್ಟಿ ದುಡಿಯುವಂಥ ಜಾಗವಿರುತ್ತದೆ. ಗಿರಣಿಗಳ ಬಗ್ಗೆ ಕೌನ್ಸಿಲ್ ಮಾಡಿಸಿದ ‘ಮಿಲ್ ಸ್ಟ್ರಾಟಜಿ’ ವರದಿ ನಿಮ್ಮಲ್ಲೇ ಇದೆ. ಯಾವುದು ಮುಖ್ಯ, ಯಾವುದು ಅಲ್ಲ ಎಂದು ನಾನು ಹೇಳಿಕೊಡಬೇಕಿಲ್ಲ.

ನನ್ನ ಕೋರಿಕೆ ಇಷ್ಟು. ಅಪಾಯದಲ್ಲಿರುವ ಗ್ರೇಡ್ 2 ಕಟ್ಟಡಗಳ ನಮ್ಮದೇ ಪಟ್ಟಿ ಒಂದು ಇದ್ದರೆ ಅದನ್ನು ಸಾರ್ವಜನಿಕರಿಗೆ ಕಾಣುವಂತೆ ಇಡಿ, ಇಲ್ಲದಿದ್ದರೆ ಮಾಡಿಸಿ. ವರ್ಷಕ್ಕೊಮ್ಮೆ, ಚಳಿಗಾಲಕ್ಕೆ ಮುಂಚೆ, ಸಂರಕ್ಷಣಾಧಿಕಾರಿಯೊಬ್ಬರು ಪ್ರತಿ ಖಾಲಿ ಗಿರಣಿಯ ಛಾವಣಿ, ಪೈಪು, ಕಿಟಕಿ, ಬೀಗ ನೋಡಿ ಬರಲಿ. ನೋಡಿದ್ದನ್ನು ಒಂದು ಪುಟ ಬರೆದು ಮಾಲೀಕರಿಗೂ ವಾರ್ಡ್ ಸದಸ್ಯರಿಗೂ ಕಳಿಸಲಿ. ಎರಡು ವರ್ಷ ಸತತ ಅದೇ ಪೈಪು ಕಟ್ಟಿದ್ದರೆ 54ನೇ ಸೆಕ್ಷನ್ನಿನ ನೋಟಿಸ್ ಹೋಗಲಿ. ಆ ಕೆಲಸಕ್ಕೆ ಬಜೆಟ್‌ನಲ್ಲಿ ಒಂದು ಸಾಲು ಇರಲಿ, ಸಣ್ಣದಾದರೂ ಸರಿ. ವಸೂಲಾದ ಹಣ ಮತ್ತೆ ಅದೇ ಸಾಲಿಗೆ ಬರಲಿ.

ಇದರಲ್ಲಿ ಯಾವುದನ್ನು ಮಾಡುತ್ತೀರಿ, ಯಾವುದು ಆಗದು, ಆಗದಿದ್ದರೆ ಯಾಕೆ ಎಂದು ಮುಂದಿನ ಪೂರ್ಣ ಸಭೆಯ ಸಾರ್ವಜನಿಕ ಪ್ರಶ್ನೆಯ ವೇಳೆಯಲ್ಲಿ ಕೇಳಲು ಹೆಸರು ಕೊಡುತ್ತಿದ್ದೇನೆ. ಅಂದು ಉತ್ತರ ಸಿದ್ಧವಿರಲಿ ಎಂದೇ ಮುಂಚಿತವಾಗಿ ಬರೆದಿದ್ದೇನೆ.

ಇಂತಿ,
ಓಲ್ಡಮ್‌ನಲ್ಲಿ ನೆಲೆಸಿರುವ ಒಬ್ಬ ಧಾರವಾಡ ಸೀಮೆಯವ